ಓದುಗರ ಸ್ಪಂದನ: ಮಗ ಬಾಯಿ ತೆರೆಯುವುದಿಲ್ಲ

(ಬದಿಯಡ್ಕ ಕಡೆಯ ತಾಯಿಯೊಬ್ಬರು ಕಳೆದ ವಾರ ಬರೆದಿದ್ದರು: ಒಂಬತ್ತು ವರ್ಷದ ಮಗನಿಗೆ ಬುದ್ಧಿಯ ಬೆಳವಣಿಗೆ ಕಡಿಮೆ, ಮಾತು ಬಾರದು. ಫಿಟ್ಸ್‌ಗೆ ಎರಡು ಹೊತ್ತು ಸಿರಪ್. ಬ್ರಷ್ ಕಂಡರೆ ಓಡುತ್ತಾನೆ. ದವಡೆ ಹಲ್ಲು ಕಪ್ಪಾಗಿವೆ, ಈಚೆಗೆ ಕೆನ್ನೆಗೆ ಹೊಡೆದುಕೊಳ್ಳುತ್ತಾನೆ. ತೋರಿಸಲು ಹೋದಲ್ಲಿ ‘ಇವನು ಕೂರುವುದಿಲ್ಲ’ ಎಂದು ವಾಪಸು ಕಳುಹಿಸಿದರು. ‘ಹಾಲು ಹಲ್ಲಲ್ಲವೇ, ಬಿದ್ದುಹೋಗುತ್ತದೆ’ ಎನ್ನುತ್ತಾರೆ ಮನೆಯವರು. ಏನು ಮಾಡಲಿ?)

ತಂಗೀ, ಅವನು ಕೆನ್ನೆಗೆ ಹೊಡೆದುಕೊಳ್ಳುತ್ತಾನೆ ಎಂದು ಓದಿದ ಕೂಡಲೇ ನನ್ನ ಮಗಳ ನೆನಪಾಯಿತು. ಅವಳಿಗೀಗ ಹದಿನೇಳು. ಏಳರ ಪ್ರಾಯದಲ್ಲಿ ಬಲಗೆನ್ನೆಗೆ ಮಾತ್ರ ಹೊಡೆದುಕೊಳ್ಳುತ್ತಿದ್ದಳು, ಗಂಜಿಯನ್ನು ಎಡಬದಿಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ನಾವು ಹಠವೆಂದು ಗದರಿದೆವು. ಎರಡು ತಿಂಗಳು ಕಳೆದು ಕೆನ್ನೆ ಬಾತಾಗಲೇ ಗೊತ್ತಾದದ್ದು, ಬಲಬದಿಯ ಹಲ್ಲಿನ ಬುಡದಲ್ಲಿ ಕೀವು ಕಟ್ಟಿತ್ತು. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನೀವು ಅಷ್ಟು ಕಾಯಬೇಡಿ.

ಬ್ರಷ್‌ನ ವಿಷಯಕ್ಕೆ ನಾನು ಬಚ್ಚಲಲ್ಲಿ ನಿಲ್ಲಿಸುವುದನ್ನೇ ಬಿಟ್ಟೆ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಅವಳಿಗೆ ಇಷ್ಟ. ಹಾಗೆಯೇ ಜಗಲಿಯಲ್ಲಿ ಚಾಪೆ ಹಾಕಿ, ತಲೆಯನ್ನು ಮಡಿಲಲ್ಲಿಟ್ಟು ಮಲಗಿಸಿದೆ. ಮೊದಲ ವಾರ ತುಟಿಗೆ ಬೆರಳು ಮುಟ್ಟಿಸಿದ್ದು ಅಷ್ಟೆ. ಆಮೇಲೆ ಒದ್ದೆ ಬಟ್ಟೆ ಸುತ್ತಿದ ಬೆರಳು, ಅದೂ ಕೆನ್ನೆಯ ಬದಿಯಿಂದ. ಹಲ್ಲುಗಳ ನಡುವೆ ಇಟ್ಟರೆ ಕಚ್ಚಿಬಿಡುತ್ತಾರೆ. ಗಟ್ಟಿಯಾಗಿ ಹತ್ತರವರೆಗೆ ಎಣಿಸಿ ಕೈ ತೆಗೆಯುತ್ತಿದ್ದೆ. ಹತ್ತಾದರೆ ಮುಗಿಯಿತು ಎಂಬ ನಂಬಿಕೆ ಅವಳಿಗೆ ಬರಬೇಕಿತ್ತು, ಹಾಗಾಗಿ ಒಂದು ದಿನವೂ ಹನ್ನೊಂದು ಎಣಿಸಲಿಲ್ಲ. ಬ್ರಷ್ ದವಡೆ ಹಲ್ಲಿಗೆ ತಲುಪಲು ಎರಡೂವರೆ ತಿಂಗಳು ಹಿಡಿಯಿತು.

ಇನ್ನು ಆ ಸಿರಪ್. ಹಲ್ಲುಜ್ಜಿಸಿದ ಮೇಲೆ, ಮಲಗುವ ಮೊದಲು ಕೊಡುತ್ತಿದ್ದೆ. ಸಕ್ಕರೆಯ ಪಾಕ ರಾತ್ರಿಯಿಡೀ ಹಲ್ಲಿಗೆ ಅಂಟಿಕೊಂಡಿರುತ್ತಿತ್ತು. ನಿದ್ದೆಯಲ್ಲಿ ತೊಳೆದುಹೋಗಲು ಎಂಜಲೂ ಕಡಿಮೆ. ಈಗ ಮದ್ದು ಮೊದಲು, ನೀರು ಆಮೇಲೆ, ಕೊನೆಗೆ ಬ್ರಷ್. ಸಕ್ಕರೆಯಿಲ್ಲದ ಮದ್ದು ಅಥವಾ ಮಾತ್ರೆ ಆಗುತ್ತದೆಯೇ ಎಂದು ಡಾಕ್ಟರರನ್ನು ಕೇಳಿ. ಊಟವಾದ ಮೇಲೆ ಕೆನ್ನೆಯ ಸಂದಿಯಲ್ಲಿ ಬೆರಳಾಡಿಸಿ ನೋಡಿ, ಬಿಸ್ಕೆಟ್ ಗಂಟೆಗಟ್ಟಲೆ ಅಲ್ಲೇ ಕೂತಿರುತ್ತದೆ.
– ಒಬ್ಬ ತಾಯಿ, ಪೆರ್ಲ

ಹಾಲು ಹಲ್ಲು ಬಿದ್ದುಹೋಗುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ದವಡೆಯ ಹಾಲು ಹಲ್ಲುಗಳೆಲ್ಲ ಬಿದ್ದು ಮುಗಿಯಲು ಸಾಮಾನ್ಯವಾಗಿ 12 ವರ್ಷ ಆಗಬೇಕು. ಅವುಗಳ ಹಿಂದೆ 6ನೇ ವರ್ಷದ ಹೊತ್ತಿಗೆ ಒಂದು ಶಾಶ್ವತ ಹಲ್ಲು ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಹೆತ್ತವರಿಗೆ ತಿಳಿಯುವುದೇ ಇಲ್ಲ. ಕಪ್ಪಾದದ್ದು ಅದೇ ಇರಬಹುದು.

ಮಕ್ಕಳ ದಂತತಜ್ಞರಿಗೇ ತೋರಿಸಿ. ಹುಳುಕು ಆಳಕ್ಕೆ ಇಳಿಯದಿದ್ದರೆ ಕೊರೆಯದೆ, ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ತಡೆಯಬಹುದು. ಹಚ್ಚಿದ ಜಾಗ ಕಪ್ಪಾಗಿಯೇ ಉಳಿಯುತ್ತದೆ. ನಿಮ್ಮ ಮಗನಿಗೆ ನೋವೇ ಶುರುವಾಗಿದ್ದರೆ ಬಹುಶಃ ಅದು ಸಾಲದು. ಆಗ ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ಕೊಟ್ಟು ಕೆಟ್ಟ ಹಲ್ಲುಗಳನ್ನೆಲ್ಲ ಒಂದೇ ಸಲಕ್ಕೆ ಸರಿಪಡಿಸುವ ಕ್ರಮವಿದೆ. ನಾಲ್ಕು ಜನ ಅದುಮಿ ಹಿಡಿದು ಹಲ್ಲು ಕೀಳುವುದಕ್ಕಿಂತ ಅದು ಎಷ್ಟೋ ಮೇಲು ಎಂದು ನನ್ನ ಅಭಿಪ್ರಾಯ. ಫಿಟ್ಸ್ ಮದ್ದಿನ ಚೀಟಿ ಜೊತೆಗಿರಲಿ. ಮದ್ದನ್ನು ನೀವಾಗಿ ನಿಲ್ಲಿಸಬೇಡಿ. ಫೆನಿಟಾಯಿನ್ ಆದರೆ ವಸಡು ದಪ್ಪವಾಗಿ ಬೆಳೆಯುವುದುಂಟು, ಅದನ್ನೂ ತೋರಿಸಿ. ಉಗುಳಲು ಬಾರದ ಮಗುವಿಗೆ ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು. ಕೆನ್ನೆ ಬಾತು ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.
– ದಂತವೈದ್ಯೆ, ಉಪ್ಪಳ

ನಾನು ಬಡ್ಸ್ ಶಾಲೆಯಲ್ಲಿ, ಅಂದರೆ ಬುದ್ಧಿಯ ಬೆಳವಣಿಗೆ ಕಡಿಮೆಯಿರುವ ಮಕ್ಕಳ ವಿಶೇಷ ಶಾಲೆಯಲ್ಲಿ, ಕಲಿಸುವವಳು. ನಮ್ಮ ಕಾಸರಗೋಡಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. ಅದರಿಂದ ಬಾಧಿತರಾದವರ ಪಿಂಚಣಿ, ಪರಿಹಾರಗಳ ಕುರಿತು ಅಂದಿನಿಂದ ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಈ ಮಕ್ಕಳ ಹಲ್ಲಿನ ಮಾತು ಅಲ್ಲಿ ಬಂದದ್ದು ಕಾಣೆ. ಮಗ ಶಾಲೆಗೆ ಹೋಗುತ್ತಿದ್ದರೆ ಒಂದು ಬ್ರಷ್ ಅಲ್ಲಿಯೂ ಇಡಿ. ಉಳಿದವರು ಊಟವಾದ ಮೇಲೆ ಸಾಲಾಗಿ ಉಜ್ಜುವುದನ್ನು ನೋಡಿ, ಮನೆಯಲ್ಲಿ ಒಪ್ಪದವರು ನಮ್ಮಲ್ಲಿ ಒಪ್ಪಿದ್ದಾರೆ.
– ಶಿಕ್ಷಕಿ, ಮುಳ್ಳೇರಿಯ

ಅಕ್ಕಾ, ವಾಪಸು ಕಳುಹಿಸಿದರೆಂದು ಸುಮ್ಮನಾಗಬೇಡಿ. ನಮ್ಮನ್ನೂ ಒಂದು ಕಡೆ ಹಾಗೆಯೇ ಕಳುಹಿಸಿದ್ದರು. ಮಂಗಳೂರು ಬಳಿಯ ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ಮಕ್ಕಳ ವಿಭಾಗವಿದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲೇ ಫೋನ್ ಮಾಡಿ, ಮಗನ ಸ್ಥಿತಿ ಹೇಳಿ, ಬೆಳಗಿನ ಮೊದಲ ಸರದಿ ಕೇಳಿಕೊಳ್ಳಿ. ಕಾಯಿಸಿದರೆ ಇಂಥ ಮಕ್ಕಳು ಅರ್ಧ ಸೋತಿರುತ್ತಾರೆ. ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆಗೂ ಅರ್ಜಿ ಹಾಕಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಮತ್ತೆ, ಹೋಗುವಾಗ ಅವನಿಗೆ ಅಭ್ಯಾಸವಾದ ವಸ್ತು ಏನಾದರೂ ಕೈಯಲ್ಲಿರಲಿ. ನಮ್ಮವನು ಅಜ್ಜನ ಹಳೆಯ ಬೈರಾಸನ್ನು (ಟವೆಲನ್ನು) ಮುಷ್ಟಿಯಲ್ಲಿ ಹಿಡಿದುಕೊಂಡೇ ಆ ಕುರ್ಚಿ ಹತ್ತಿದ್ದು.
– ಒಬ್ಬ ತಂದೆ, ಕುಂಬಳೆ