ಅಪ್ಪ ಪವರ್‌ಮ್ಯಾನ್, ಅಮ್ಮ ಟೆಸ್ಟರ್: 4 ಮತ್ತು 7 ವರ್ಷದ ಮಕ್ಕಳಿಗೆ ನಮ್ಮ ಕೆಲಸ ಹೇಗೆ ತಿಳಿಸೋದು?

ಮಳೆಗಾಲದಮ್ಮ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವರು ನಾವು. ಮನೆಯವರು ಕರೆಂಟ್ ಇಲಾಖೆಯಲ್ಲಿ ಪವರ್‌ಮ್ಯಾನ್, ಕಂಬ ಹತ್ತಿ ಲೈನ್ ರಿಪೇರಿ ಮಾಡೋರು. ಹಳೇ ವಿದ್ಯುತ್ ಮಂಡಳಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಗಿದ್ದು 1999ರಲ್ಲಿ, ನಮ್ಮ ಕಡೆ ಕರೆಂಟ್ ಕೊಡೋ ಕಂಪನಿ ಮೆಸ್ಕಾಂ ಬಂದದ್ದು 2002ರಲ್ಲಿ. ಆದ್ರೂ ಊರವರ ಬಾಯಲ್ಲಿ ಇವತ್ತಿಗೂ "ಕೆಇಬಿಯವರು". ನಾನು ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಮಗಳಿಗೆ 4, ಅಂಗನವಾಡಿ. ಮಗನಿಗೆ 7, ಎರಡನೇ ಕ್ಲಾಸು.

ಮಗಳ ಲೆಕ್ಕದಲ್ಲಿ ಅಪ್ಪ ಅಂದ್ರೆ "ಕರೆಂಟ್ ತೆಗೆಯೋರು", ಅಮ್ಮ "ಲ್ಯಾಪ್‌ಟಾಪ್ ನೋಡ್ತಾಳೆ, ಕೆಲಸ ಅಜ್ಜಿ ಮಾಡ್ತಾರೆ". ಮಗ ಎಲ್ಲೋ ಲೈನ್‌ಮನ್ ಒಬ್ಬರು ಶಾಕ್ ಹೊಡೆದು ಹೋದ ಸುದ್ದಿ ಕೇಳಿಸಿಕೊಂಡಿದ್ದಾನೆ, ಗಾಳಿ ಮಳೆ ಶುರುವಾದ್ರೆ ಹೆದರ್ತಾನೆ. ಅದರ ಮೇಲೆ ಶಾಲೆಯಲ್ಲಿ ಅಪ್ಪ ಅಮ್ಮನ ಕೆಲಸದ ಬಗ್ಗೆ ಐದು ವಾಕ್ಯ ಬರ್ಕೊಂಡು ಬನ್ನಿ ಅಂದಿದ್ದಾರೆ. ಇಬ್ಬರಿಗೂ ಅವರವರ ಮಟ್ಟಕ್ಕೆ ಹೇಗೆ ಹೇಳೋದು? ಮನೆಯಲ್ಲೇ ಮಾಡಿ ತೋರಿಸೋಕೆ ಆಗೋದು ಏನಾದ್ರೂ ಇದ್ರೆ ಹೇಳಿ.

ಬಾಲವಾಡಿ ಟೀಚರ್:
ನಾಲ್ಕು ವರ್ಷದ ಮಗುವಿಗೆ ಕಣ್ಣಿಗೆ ಕಂಡದ್ದೇ ಕೆಲಸ. ಕಂಬ ಹತ್ತೋದು ಕಾಣುತ್ತೆ, ಅಜ್ಜಿ ಅಡಿಕೆ ಸುಲಿಯೋದು ಕಾಣುತ್ತೆ, ಟೆಸ್ಟಿಂಗ್ ಕಾಣಲ್ಲ. ಹಾಗಾಗಿ ನಿಮ್ಮ ಮಗಳು ಹೇಳಿದ್ದು ಅವಳ ಮಟ್ಟಕ್ಕೆ ಸರಿಯಾಗೇ ಇದೆ. "ಇಲ್ಲ ಪುಟ್ಟಿ, ಅಮ್ಮಾನೂ ಕೆಲಸ ಮಾಡ್ತಾಳೆ" ಅಂತ ವಾದಕ್ಕೆ ಇಳಿಯಬೇಡಿ. ಕಾಣದಿರೋದನ್ನ ಕಾಣೋ ಹಾಗೆ ಮಾಡಿ, ಸಾಕು.

ಅವಳಿಗೆ ಹುದ್ದೆಯ ಹೆಸರು, ಆಫೀಸಿನ ಹೆಸರು ಬೇಡ. ಯಾರಿಗೆ ತೊಂದರೆ ಆಗಿತ್ತು, ಏನು ಕೆಟ್ಟಿತ್ತು, ಅಪ್ಪ ಏನು ಮಾಡಿದ್ರು, ಆಮೇಲೆ ಏನಾಯ್ತು, ಇಷ್ಟೇ. "ಗಿರಣಿಗೆ ಕರೆಂಟ್ ಇರಲಿಲ್ಲ. ಕೊಂಬೆ ಮುರಿದು ತಂತಿ ಮೇಲೆ ಬಿದ್ದಿತ್ತು. ಅಪ್ಪ ಕೊಂಬೆ ಕಡಿದ್ರು. ಗಿರಣಿ ತಿರುಗ್ತು." ನಾಲ್ಕು ಪುಟ್ಟ ವಾಕ್ಯ. ದಿನಕ್ಕೊಂದು ಸಾಕು, ಊಟದ ಹೊತ್ತಿಗೆ. ಒಂದು ವಾರ ಕಳೆಯೋದ್ರಲ್ಲಿ "ಇವತ್ತು ಯಾರಿಗೆ ಕರೆಂಟ್ ಇರಲಿಲ್ಲ?" ಅಂತ ಅವಳೇ ಕೇಳ್ತಾಳೆ. "ಕರೆಂಟ್ ತೆಗೆಯೋರು" ಅನ್ನೋ ಮಾತು ತಾನಾಗೇ "ಕರೆಂಟ್ ಕೊಡೋರು" ಆಗುತ್ತೆ.

ಹೊರಡೋ ಹೊತ್ತಿನಲ್ಲಿ ಹೇಳಬಾರದ ಮಾತು ಎರಡಿವೆ. ಒಂದು, "ದುಡ್ಡು ತರೋಕೆ ಹೋಗ್ತೀನಿ". ಮಗು ತನ್ನ ಹುಂಡಿ ತಂದು ಮುಂದಿಟ್ಟು "ತಗೋ, ಹೋಗ್ಬೇಡ" ಅನ್ನುತ್ತೆ, ಅದಕ್ಕೆ ಉತ್ತರ ಇಲ್ಲ. ದುಡ್ಡು ಎಟಿಎಂನಲ್ಲಿ ಸಿಗುತ್ತೆ ಅಂತ ಗೊತ್ತಿರೋ ಮಗುವಿಗಂತೂ ದಿನವಿಡೀ ಮನೆ ಬಿಟ್ಟು ಹೋಗೋಕೆ ಇದು ಕಾರಣವೇ ಅಲ್ಲ. ಸಂಬಳದ ಲೆಕ್ಕ ಏಳು ವರ್ಷದವನಿಗೆ ಹೇಳಬಹುದು, ನಾಲ್ಕರವಳಿಗೆ ಈಗಲೇ ಬೇಡ. ಎರಡು, "ಹೋಗದಿದ್ರೆ ಸಾಹೇಬ್ರು ಬೈತಾರೆ". ಕೆಲಸ ಅಂದ್ರೆ ಶಿಕ್ಷೆ ಅಂತ ಮನಸ್ಸಲ್ಲಿ ಕೂತುಬಿಡುತ್ತೆ.

ಹೊತ್ತನ್ನೂ ಗಡಿಯಾರದಲ್ಲಿ ಹೇಳಬೇಡಿ. "ಅಜ್ಜಿ ದೇವರಿಗೆ ದೀಪ ಹಚ್ಚಿದ ಮೇಲೆ" ಅಂದ್ರೆ ಅವಳಿಗೆ ಗೊತ್ತಾಗುತ್ತೆ, "ಆರೂವರೆಗೆ" ಅಂದ್ರೆ ಆಗಲ್ಲ. ಆದ್ರೆ ಜೂನ್‌ನಿಂದ ಆಗಸ್ಟ್‌ವರೆಗೆ ಪವರ್‌ಮ್ಯಾನ್ ಎಷ್ಟು ಹೊತ್ತಿಗೆ ಬರ್ತಾರೆ ಅಂತ ಅವರಿಗೇ ಗೊತ್ತಿರಲ್ಲ, ಆಗ ಯಾವ ಹೊತ್ತನ್ನೂ ಹೇಳಬೇಡಿ. ಬಾಗಿಲ ಹತ್ತಿರ ಒಂದು ಮೊಳೆ ಅಪ್ಪನ ರೇನ್‌ಕೋಟಿಗೆ ಅಂತಲೇ ಇರಲಿ. ಕೋಟು ಮೊಳೆಯಲ್ಲಿದ್ರೆ ಅಪ್ಪ ಮನೆಯಲ್ಲಿದ್ದಾರೆ. ರಾತ್ರಿ ಎಚ್ಚರ ಆದ್ರೆ ಮಗು ಅದನ್ನ ನೋಡಿ ಮಲಗುತ್ತೆ. ನೆನಪಿಟ್ಟು ಪ್ರತಿ ಸಲ ಅಲ್ಲೇ ನೇತುಹಾಕಬೇಕು. ಎರಡು ದಿನ ಒದ್ದೆ ಕೋಟು ಹಿತ್ತಲಲ್ಲಿ ಒಣಗಿದ್ರೆ ಗುರುತು ಕೆಟ್ಟುಹೋಯ್ತು ಅಂತಲೇ.

ಅಂದ ಹಾಗೆ, ಅಜ್ಜಿ ಮಾಡೋದು ಕೆಲಸ ಅಂತ ಮಗು ಗುರುತಿಸಿದೆಯಲ್ಲ, ಅದನ್ನ ಅಳಿಸಬೇಡಿ. ಎಷ್ಟೋ ಮನೆಗಳಲ್ಲಿ ಸಂಬಳ ಬಂದ್ರೆ ಮಾತ್ರ ಕೆಲಸ ಅಂತ ದೊಡ್ಡವರೇ ಕಲಿಸಿರ್ತಾರೆ.

ಬಗ್ ಹುಡುಕಿ:
ಟೆಸ್ಟಿಂಗ್ ಕಡೆಯದು ನಾನು ಹೇಳ್ತೀನಿ. ಲ್ಯಾಪ್‌ಟಾಪ್ ತೆರೆದು ತೋರಿಸಬೇಡಿ, ಉಪಯೋಗ ಇಲ್ಲ. ಮಗುವಿಗೆ ಅಲ್ಲಿ ಕಾಣೋದು ಅಕ್ಷರ, ಇಲ್ಲಾಂದ್ರೆ ಕಾರ್ಟೂನ್ ಬರೋ ಡಬ್ಬ. ಜೊತೆಗೆ ಕಂಪನಿಯ ಮಾಹಿತಿ ಪರದೆ ಮೇಲೆ ಇರುತ್ತೆ. ಕಾಗದದಲ್ಲಿ ಮಾಡಿ.

ಹಳೇ ಮದುವೆ ಕರೆಯೋಲೆಯ ದಪ್ಪ ರಟ್ಟು ಒಂದು ತಗೊಂಡು ಫೋನ್ ಆಕಾರಕ್ಕೆ ಕತ್ತರಿಸಿ. ಅದರ ಮೇಲೆ ನಾಲ್ಕು ಗುಂಡಿ ಬರೆಯಿರಿ: ದೋಸೆ, ಇಡ್ಲಿ, ಹಾಲು, ಬಾಳೆಹಣ್ಣು. ನಾಲ್ಕು ಚೀಟಿಯಲ್ಲಿ ಅದೇ ಚಿತ್ರಗಳು. ಮಗು ಗುಂಡಿ ಒತ್ತಬೇಕು, ನೀವು ಚೀಟಿ ಕೊಡಬೇಕು. ಮೊದಲ ಸುತ್ತಿನಲ್ಲಿ ಎಲ್ಲ ಸರಿಯಾಗಿ ಕೊಡಿ. ಎರಡನೇ ಸುತ್ತಿನಲ್ಲಿ ಒಂದೇ ಒಂದು ತಪ್ಪು ಮಾಡಿ, ದೋಸೆ ಒತ್ತಿದ್ರೆ ಹಾಲು ಕೊಡಿ. "ಅಮ್ಮಾ ತಪ್ಪು!" ಅಂದ ತಕ್ಷಣ ಆ ಗುಂಡಿಗೆ ಕೆಂಪು ಬಿಂದಿ ಅಂಟಿಸೋಕೆ ಹೇಳಿ. "ನಾನೂ ಇದನ್ನೇ ಮಾಡೋದು. ಬೇರೆಯವರ ಫೋನಿಗೆ ಹೋಗೋ ಮೊದಲೇ ತಪ್ಪು ಹುಡುಕಿ ಬಿಂದಿ ಅಂಟಿಸ್ತೀನಿ." ನಾಲ್ಕು ವರ್ಷಕ್ಕೆ ಇಷ್ಟು ತಿಳಿದ್ರೆ ಬೇಕಾದಷ್ಟಾಯ್ತು. ಮೊದಲ ಸುತ್ತಲ್ಲೇ ಮೂರು ತಪ್ಪು ಮಾಡಿದ್ರೆ ಆಟ ಕೆಡುತ್ತೆ: ಯಾವುದು ಸರಿ ಅಂತ ಗೊತ್ತಾಗೋ ಮೊದಲು ತಪ್ಪು ಗೊತ್ತಾಗಲ್ಲ. ಮಕ್ಕಳಿಗೂ ಅಷ್ಟೇ, ಟೆಸ್ಟರಿಗೂ ಅಷ್ಟೇ.

ದೊಡ್ಡವನಿಗೆ ಇನ್ನೊಂದು ಹೆಜ್ಜೆ. ನೋಟ್‌ಬುಕ್ಕಿನಲ್ಲಿ ಮೂರು ಗೆರೆ: ನಾನು ಏನು ಒತ್ತಿದೆ, ಏನು ಬರಬೇಕಿತ್ತು, ಏನು ಬಂತು. ನಿಜವಾದ ಬಗ್ ರಿಪೋರ್ಟ್, ಅಂದ್ರೆ ತಪ್ಪಿನ ವರದಿ, ಅದರ ಬೆನ್ನೆಲುಬೂ ಇದೇ. "ಕೆಟ್ಟೋಗಿದೆ" ಅಂತ ಬರೆದ್ರೆ ಒಪ್ಪಬೇಡಿ. ಅವನು ಬರೆದದ್ದನ್ನ ಓದಿ ತಂಗಿ ಅದೇ ತಪ್ಪನ್ನ ಮತ್ತೆ ಬರಿಸೋಕೆ ಆಗಬೇಕು, ಅದೇ ಪರೀಕ್ಷೆ. "ಹಾಗಾದ್ರೆ ನೀನೇ ಸರಿಮಾಡ್ತೀಯಾ?" ಅಂತ ಕೇಳೇ ಕೇಳ್ತಾನೆ. ಹುಡುಕೋರು ಬೇರೆ, ಸರಿಮಾಡೋರು ಬೇರೆ, ಸರಿಯಾದ ಮೇಲೆ ನಾನು ಮತ್ತೆ ಒತ್ತಿ ನೋಡ್ತೀನಿ ಅನ್ನಿ.

ಇನ್ನು ಮೀಟಿಂಗ್. ಕುರ್ಚಿ ಬೆನ್ನಿಗೆ ಕೆಂಪು ಬಟ್ಟೆ ಹಾಕಿದ್ರೆ ಅಮ್ಮ ಮಾತಾಡ್ತಿದ್ದಾಳೆ, ತೆಗೆದಿದ್ರೆ ಬರಬಹುದು. ಎಲ್ಲರೂ ಎಡವೋದು ಒಂದೇ ಕಡೆ: ಬೆಳಿಗ್ಗೆ ಹಾಕಿದ ಬಟ್ಟೆ ಸಂಜೆವರೆಗೂ ಅಲ್ಲೇ ಇರುತ್ತೆ, ಮೂರನೇ ದಿನದಿಂದ ಮಗು ಅದನ್ನ ಲೆಕ್ಕಕ್ಕೇ ಇಡಲ್ಲ. ಕಾಲ್ ಮುಗಿದ ಕ್ಷಣ ತೆಗೀರಿ. ಬಟ್ಟೆ ಇದ್ದಾಗಲೂ ಬರಬಹುದಾದ ಮೂರು ಕಾರಣ ಮೊದಲೇ ಹೇಳಿಡಿ: ರಕ್ತ ಬಂದ್ರೆ, ಒಲೆ ಹತ್ರ ಹೊಗೆ ಕಂಡ್ರೆ, ಅಜ್ಜಿ ಕರೆದ್ರೆ. ಕೂಗೋದು ಬೇಡ, ಭುಜ ಎರಡು ಸಲ ತಟ್ಟಬೇಕು. ಇದನ್ನ ಮೀಟಿಂಗ್ ಇಲ್ಲದಾಗ ಎರಡು ಸಲ ಆಡಿಸಿ ಅಭ್ಯಾಸ ಮಾಡಿಸಿ. ಎದ್ದು ಹೋಗುವಾಗ ವಿಂಡೋಸ್ ಗುಂಡಿ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡೋದನ್ನ ಮರೀಬೇಡಿ.

ಫೀಡರ್ ನಂ. 4:
ಲೈನ್ ಕೆಲಸದ ಬಗ್ಗೆ ನಾನು ಬರೆಯುತ್ತೇನೆ. ಭಯಕ್ಕೆ ಮೊದಲು ಉತ್ತರ ಬೇಕು. "ಅಪ್ಪನಿಗೆ ಏನೂ ಆಗಲ್ಲ" ಎಂದು ಹೇಳಬೇಡಿ. ಅವನು ಸುದ್ದಿ ಕೇಳಿದ್ದಾನೆ, ನಂಬುವುದಿಲ್ಲ. ತಂತಿ ಮುಟ್ಟುವ ಮೊದಲು ಅಪ್ಪ ಏನೇನು ಮಾಡುತ್ತಾರೆ ಎಂದು ಕ್ರಮವಾಗಿ ತೋರಿಸಿ, ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಬೇಕಾದದ್ದು: ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಎರಡು ಸೆಲ್, ಒಂದು ಬಿಳಿ ಎಲ್‌ಇಡಿ, ಗೇಣುದ್ದದ ಮೂರು ತಂತಿ ತುಂಡು, ಒಂದು ರಟ್ಟು, ಎರಡು ಡ್ರಾಯಿಂಗ್ ಪಿನ್, ಒಂದು ಜೆಮ್ ಕ್ಲಿಪ್. ಸೆಲ್‌ಗಳನ್ನು ಒಂದರ ತಲೆಗೆ ಇನ್ನೊಂದರ ಬುಡ ತಾಗುವಂತೆ ಕಾಗದದ ಕೊಳವೆಯಲ್ಲಿ ಬಿಗಿಯಾಗಿ ಸುತ್ತಿ. ಕ್ಲಿಪ್ ಅನ್ನು ಒಂದು ಪಿನ್ನಿಗೆ ಸಿಕ್ಕಿಸಿ ಇನ್ನೊಂದಕ್ಕೆ ತಿರುಗಿಸಿ ತಾಗಿಸುವಂತಿದ್ದರೆ ಅದೇ ಸ್ವಿಚ್. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಹತ್ತದಿದ್ದರೆ ಮೊದಲು ಕಾಲು ತಿರುಗಿಸಿ ನೋಡಿ, ಆಮೇಲೆ ಕೊಳವೆಯನ್ನು ಎರಡೂ ಕಡೆಯಿಂದ ಒತ್ತಿ ನೋಡಿ. ಹೆಚ್ಚಿನ ಸಲ ಲೂಸ್ ಕಾಂಟ್ಯಾಕ್ಟೇ ಆಗಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಪಿನ್, ಕ್ಲಿಪ್ ಆದರೆ ಕರೆಂಟ್ ದಾಟುವುದೇ ಇಲ್ಲ. ಕೆಂಪು ಎಲ್‌ಇಡಿ ಬೇಡ, ಅದಕ್ಕೆ 2 ವೋಲ್ಟ್ ಸಾಕು, 3 ವೋಲ್ಟಿಗೆ ನೇರ ಕೊಟ್ಟರೆ ಸುಟ್ಟುಹೋಗಬಹುದು. 9 ವೋಲ್ಟಿನ ಚೌಕ ಬ್ಯಾಟರಿಗೆ ಯಾವ ಎಲ್‌ಇಡಿಯೂ ನೇರ ತಡೆಯುವುದಿಲ್ಲ. ಗುಂಡಿಯಂಥ ಚಪ್ಪಟೆ ಸೆಲ್ ಅಂತೂ ನಾಲ್ಕು ವರ್ಷದ ಮಗು ಇರುವ ಮನೆಯಲ್ಲಿ ತೆರೆದಿಡಲೇಬಾರದು, ನುಂಗಿದರೆ ಗಂಟೆಗಳೊಳಗೆ ಅನ್ನನಾಳವನ್ನು ಸುಡುತ್ತದೆ.

ದೀಪ ಹತ್ತಿದ ಮೇಲೆ ಆಟ. ತಂತಿಯ ಮೇಲೆ ಒಂದು ಕಡ್ಡಿ ಇಡಿ, ಅದೇ ಮುರಿದು ಬಿದ್ದ ಕೊಂಬೆ. ಮಗ ಪವರ್‌ಮ್ಯಾನ್, ನೀವು ಸಬ್‌ಸ್ಟೇಷನ್, ಅಂದರೆ ಲೈನಿಗೆ ಕರೆಂಟ್ ಬಿಡುವ ಕೇಂದ್ರ. ಅವನು ಫೋನ್ ಮಾಡಿ ಲೈನ್ ಕ್ಲಿಯರ್ ಕೇಳಬೇಕು, ಅಂದರೆ ಕರೆಂಟ್ ತೆಗೆದು ಕೆಲಸಕ್ಕೆ ಅನುಮತಿ ಕೊಡಿ ಎಂದು. ನೀವು ಸ್ವಿಚ್ ತೆರೆದು (ಆಫ್ ಮಾಡಿ) "ಕೆಲಸ ನಡೆಯುತ್ತಿದೆ, ಚಾರ್ಜ್ ಮಾಡಬೇಡಿ" (ಕರೆಂಟ್ ಬಿಡಬೇಡಿ) ಎಂಬ ಚೀಟಿ ನೇತುಹಾಕಿ "ಕೊಟ್ಟಿದ್ದೇನೆ" ಎನ್ನಬೇಕು. ಅವನು ತನ್ನ ಕಡೆಯ ಸ್ವಿಚ್ ಅನ್ನೂ ತೆರೆಯಬೇಕು, ಕಂಬದ ಮೇಲಿನ ಜಿಒಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಸ್ವಿಚ್) ಎಂದರೆ ಅದೇ. ಇದಕ್ಕೆ ಇನ್ನೊಂದು ಕ್ಲಿಪ್ ಸ್ವಿಚ್ ಮಾಡಿಕೊಂಡರೆ ಚೆನ್ನ. ದೀಪ ಆರಿದೆಯೇ ಎಂದು ನೋಡಬೇಕು. ಆಮೇಲೆ ಕೆಲಸದ ಜಾಗದ ಎರಡೂ ಬದಿಗೆ ಒಂದೊಂದು ದಾರ ಕಟ್ಟಿ ನೆಲಕ್ಕೆ ಇಳಿಬಿಡಬೇಕು, ಅದು ಅರ್ಥ್ ರಾಡ್. ಯಾರೋ ಗೊತ್ತಿಲ್ಲದೆ ಚಾರ್ಜ್ ಮಾಡಿದರೂ, ಯಾವುದೋ ಮನೆಯ ಜನರೇಟರ್‌ನಿಂದ ಹಿಂದಕ್ಕೆ ಕರೆಂಟ್ ಬಂದರೂ ಅದು ನೆಲಕ್ಕೆ ಹೋಗಲಿ ಎಂದು. ಈಗ ಕಡ್ಡಿ ತೆಗೆಯಬಹುದು. ಮುಗಿದ ಮೇಲೆ ದಾರ ಬಿಚ್ಚಿ, ಎಲ್ಲರೂ ಕೆಳಗಿಳಿದಿದ್ದಾರೆಯೇ ಎಂದು ಎಣಿಸಿ, ಫೋನಿನಲ್ಲಿ ಲೈನ್ ಕ್ಲಿಯರ್ ವಾಪಸ್ ಕೊಡಬೇಕು. ಚೀಟಿ ತೆಗೆಯಲು ಹೇಳುವ ಹಕ್ಕು ಲೈನ್ ಕ್ಲಿಯರ್ ಪಡೆದವನಿಗೆ ಮಾತ್ರ.

ನಡುವೆ ಒಂದು ಸಲ ಬೇಕೆಂದೇ ತಂಗಿಯಿಂದ "ಬೇಗ ಕರೆಂಟ್ ಕೊಡಿ, ಟಿವಿ ನೋಡ್ಬೇಕು" ಎಂದು ಹೇಳಿಸಿ. ಕೊಡುವುದಿಲ್ಲ ಎಂದು ನೀವು ಹೇಳುವುದನ್ನು ಅವನು ಕೇಳಬೇಕು. ಅಪ್ಪನ ಜೀವ ಕಾಯುವುದು ಗ್ಲೌಸು, ಹೆಲ್ಮೆಟ್ಟು, ಬೆಲ್ಟ್ ಮಾತ್ರವಲ್ಲ, ಆ ತುದಿಯಲ್ಲಿ ಕೂತವರ "ಇಲ್ಲ" ಕೂಡ ಎಂದು ಆಗ ಗೊತ್ತಾಗುತ್ತದೆ.

ಆಟದಿಂದ ಹುಟ್ಟುವ ಅಪಾಯ ಒಂದಿದೆ: ನನಗೂ ರಿಪೇರಿ ಬರುತ್ತದೆ ಎಂದು ಮಗು ಪ್ಲಗ್ಗಿಗೆ ಕೈ ಹಾಕಬಹುದು. ಅದೇ ದಿನವೇ ಲೆಕ್ಕ ಹೇಳಿ. ಮನೆಯ ಪ್ಲಗ್ಗಿನಲ್ಲಿ 230 ವೋಲ್ಟ್, ಅಂದರೆ ಇಂಥ 150ಕ್ಕೂ ಹೆಚ್ಚು ಸೆಲ್. ಒಂದು ಸೆಲ್ 5 ಸೆಂಟಿಮೀಟರ್, ಸಾಲಾಗಿ ಇಟ್ಟರೆ ಏಳೂವರೆ ಮೀಟರ್, ಅಂಗಳದಲ್ಲಿ ಹಗ್ಗ ಹಾಸಿ ತೋರಿಸಿ. ಕಂಬದ ತುದಿಯ ಮೂರು ತಂತಿಯಲ್ಲಿ 11,000 ವೋಲ್ಟ್: 7,300 ಸೆಲ್, ಮುನ್ನೂರೈವತ್ತು ಮೀಟರ್ ದಾಟುತ್ತದೆ. ಅಷ್ಟು ದೂರ ಅವನನ್ನು ನಡೆಸಿಕೊಂಡು ಹೋಗಿ. ಸಂಖ್ಯೆ ಮರೆತರೂ ಕಾಲಿಗೆ ನೆನಪಿರುತ್ತದೆ. ಚಿಕ್ಕವಳಿಗೆ ಲೆಕ್ಕ ಬೇಡ, "ಸೆಲ್ ಆಟಕ್ಕೆ, ಗೋಡೆ ಅಪ್ಪನಿಗೂ ಆಟಕ್ಕಲ್ಲ" ಎಂಬ ಒಂದೇ ನಿಯಮ.

ತಂತಿ ಮೇಲೆ ಕೂತ ಹಕ್ಕಿಗೆ ಯಾಕೆ ಏನೂ ಆಗುವುದಿಲ್ಲ ಎಂದು ಏಳರ ಹುಡುಗ ಕೇಳದೆ ಬಿಡುವುದಿಲ್ಲ. ಎರಡೂ ಕಾಲು ಒಂದೇ ತಂತಿಯ ಮೇಲಿವೆ, ನೆಲಕ್ಕಾಗಲಿ ಪಕ್ಕದ ತಂತಿಗಾಗಲಿ ತಾಗಿಲ್ಲ ಎಂದು ಹೇಳಿ ಅಲ್ಲಿಗೇ ನಿಲ್ಲಿಸಬೇಡಿ, ಒಂದು ತಂತಿ ಹಿಡಿದರೆ ಪರವಾಗಿಲ್ಲ ಎಂದುಕೊಂಡಾನು. "ನಾವು ಯಾವಾಗಲೂ ನೆಲದ ಮೇಲೇ ಇರ್ತೀವಿ" ಎಂಬುದನ್ನು ಸೇರಿಸಿ. ತಂತಿ ಕಡಿದು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ದೊಡ್ಡವರಿಗೆ ಹೇಳಬೇಕು, ದೊಡ್ಡವರು 1912ಕ್ಕೆ ಫೋನ್ ಮಾಡಬೇಕು. ಇದು ಇಬ್ಬರಿಗೂ ಬಾಯಿಪಾಠ ಆಗಲಿ.

ರಸ್ತೆಯ ಆಚೆ ಬದಿಯಿಂದ ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್, ತೋರಿಸಿ. ಮೇಲಿನ ಮೂರು ಡಿಓ (ಡ್ರಾಪ್ ಔಟ್) ಫ್ಯೂಸ್‌ಗಳಲ್ಲಿ ಯಾವುದಾದರೂ ಸುಟ್ಟರೆ ಕಡ್ಡಿಯಂಥ ಕೊಳವೆ ಕೆಳಕ್ಕೆ ಜೋತುಬೀಳುತ್ತದೆ, ನೆಲದಿಂದಲೇ ಕಾಣುತ್ತದೆ. ಮಕ್ಕಳ ಕಣ್ಣು ಚುರುಕು, ಅಪ್ಪನಿಗಿಂತ ಮೊದಲೇ ಹೇಳುತ್ತಾರೆ. ಬೇಲಿಯ ಹತ್ತಿರ ಮಾತ್ರ ಬಿಡಬೇಡಿ.

ಬಾಲವಾಡಿ ಟೀಚರ್:
ಆ ಐದು ವಾಕ್ಯ ನೀವು ಬರೆದುಕೊಡಬೇಡಿ ಮೇಡಂ. ಆಟ ಆಡಿದ ಮರುದಿನ ಅವನೇ ಹೇಳಲಿ, ಕಾಗುಣಿತ ಮಾತ್ರ ತಿದ್ದಿ. "ನನ್ನ ಅಪ್ಪ ತಂತಿ ಮುಟ್ಟುವ ಮೊದಲು ಫೋನ್ ಮಾಡುತ್ತಾರೆ" ಅಂತ ಬರೆದ್ರೆ ಅದು "ನನ್ನ ತಂದೆ ಸರ್ಕಾರಿ ನೌಕರರು" ಅನ್ನೋದಕ್ಕಿಂತ ನೂರು ಪಾಲು ಮೇಲು.

ಮಳೆಗಾಲದಮ್ಮ:
ತುಂಬಾ ಉಪಕಾರ ಆಯ್ತು. ಫೀಡರ್ ಅವರೇ, ಇನ್ನೊಂದು ಉಳೀತು. "ನಮ್ಮನೇದೇ ಕರೆಂಟ್ ಹೋಗಿದ್ರೂ ಅಪ್ಪ ಯಾಕೆ ಬೇರೆ ಊರಿಂದು ಮೊದಲು ಸರಿಮಾಡ್ತಾರೆ?" ಅಂತಾನೆ ಮಗ. ಏನು ಹೇಳಲಿ?

ಫೀಡರ್ ನಂ. 4:
ಒಂದು ಮರ ಬರೆಯಿರಿ. ಬುಡ ಸಬ್‌ಸ್ಟೇಷನ್, ದಪ್ಪ ಕೊಂಬೆ ಫೀಡರ್ (ಅಲ್ಲಿಂದ ಹೊರಡುವ 11 ಕೆವಿ, ಅಂದರೆ 11,000 ವೋಲ್ಟಿನ ಲೈನು), ಸಣ್ಣ ಕೊಂಬೆ ಟಿಸಿ, ಎಲೆ ಮನೆ. ಒಂದು ಎಲೆಯ ಮೇಲೆ ನಿಮ್ಮ ಮನೆ ಎಂದು ಬರೆಸಿ. ದಪ್ಪ ಕೊಂಬೆ ಮುರಿದಿದ್ದರೆ ಎಲೆಯ ಹತ್ತಿರ ಏನು ಮಾಡಿದರೂ ದೀಪ ಹತ್ತುವುದಿಲ್ಲ. ಅದಕ್ಕೇ ಬುಡದಿಂದ ತುದಿಗೆ ಬರುತ್ತಾರೆ: ಮೊದಲು 11 ಕೆವಿ ಲೈನು, ಆಮೇಲೆ ಟಿಸಿ, ಕೊನೆಗೆ ಮನೆಯ ಸರ್ವೀಸ್ ವೈರು. ಒಂದೇ ಮಟ್ಟದ ಎರಡು ಕಡೆ ಕೆಟ್ಟಿದ್ದರೆ ಆಸ್ಪತ್ರೆ, ಕುಡಿಯುವ ನೀರಿನ ಪಂಪು ಇರುವ ಕಡೆ ಮೊದಲು. ಆ ಎಲೆಗಳಿಗೆ ಅವನ ಕೈಯಿಂದಲೇ ಬಣ್ಣ ಹಚ್ಚಿಸಿ, ಚಿತ್ರವನ್ನು ರೇನ್‌ಕೋಟಿನ ಮೊಳೆಯ ಪಕ್ಕ ಅಂಟಿಸಿ. ಕರೆಂಟ್ ಹೋದ ರಾತ್ರಿ ಟಾರ್ಚ್ ಹಿಡಿದು, ಅಪ್ಪ ಈಗ ಯಾವ ಕೊಂಬೆಯಲ್ಲಿರಬಹುದು ಎಂದು ಬೆರಳಿಟ್ಟು ತೋರಿಸಲಿ.