ಸಕ್ಕರೆ ಕಾಯಿಲೆಯ ಬೆಕ್ಕು: ಇಂಜೆಕ್ಷನ್‌ಗೆ ಮುಂಚೆಯೇ ಶುಗರ್ ಇಳಿದಿದ್ದರೆ?

ತುಂಬೆಹೂ:
ಗಂಡು ಬೆಕ್ಕು, 11 ವರ್ಷ, 6 ಕೆಜಿ. ಗ್ಲಾರ್ಜಿನ್ ಇನ್ಸುಲಿನ್ 12 ಗಂಟೆಗೊಮ್ಮೆ 1 ಯೂನಿಟ್. ಡೋಸ್‌ಗೆ ಮುಂಚೆ ಸಾಮಾನ್ಯವಾಗಿ 280ರಿಂದ 320 ಇರುತ್ತಿತ್ತು. ಒಣ ಆಹಾರ ಬಿಡಿಸಿ ಡಬ್ಬಿಯ ಹಸಿ ಆಹಾರ ಶುರುಮಾಡಿದ ಮೇಲೆ ಇವತ್ತು ಬೆಳಿಗ್ಗೆ 140 ತೋರಿಸಿತು. ಇನ್ನೂ ಊಟ ಹಾಕಿಲ್ಲ. ಡೋಸ್ ಕೊಡಲೋ ಬಿಡಲೋ? ಇನ್ನೊಂದು, ಕಿವಿ ಚುಚ್ಚಿದರೂ ಎಷ್ಟೋ ಸಲ ರಕ್ತವೇ ಬರಲ್ಲ. ಮೀಟರ್ ಮನುಷ್ಯರದ್ದು. ನಂಬಬಹುದಾ?

ಕರಿಮೀಸೆ:
ಈಗಲೇ ಕೊಡಬೇಡಿ. ಊಟವನ್ನೂ ತಡೆಹಿಡಿದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಊಟ ಹಾಕಿದರೆ ಶುಗರ್ ತಾನಾಗಿ ಏರುತ್ತಿದೆಯೋ ಊಟದಿಂದ ಏರಿತೋ ಗೊತ್ತಾಗುವುದಿಲ್ಲ. ಹೊಸದರಲ್ಲಿ 200 ದಾಟದಿದ್ದರೆ ಆ ಡೋಸ್ ಬಿಟ್ಟು ವೈದ್ಯರಿಗೆ ಫೋನ್ ಮಾಡುವುದೇ ಕ್ಷೇಮ. ಚೆನ್ನಾಗಿ ತಿನ್ನುತ್ತಿರುವ ಬೆಕ್ಕಿಗೆ ಒಂದು ಡೋಸ್ ತಪ್ಪಿದರೆ ಆ ದಿನ ಶುಗರ್ ಏರುತ್ತದೆ, ಅಷ್ಟೇ. ಹೆಚ್ಚಾದ ಇನ್ಸುಲಿನ್ ಜೀವ ತೆಗೆಯಬಹುದು.

ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಒಣ ಆಹಾರದಲ್ಲಿ ಕಾರ್ಬೋಹೈಡ್ರೇಟ್ ಜಾಸ್ತಿ. ಅದು ನಿಂತ ಕೂಡಲೇ ಇನ್ಸುಲಿನ್ ಅಗತ್ಯ ಇಳಿಯುತ್ತದೆ, ಡೋಸ್ ಮಾತ್ರ ಹಳೆಯದೇ ಉಳಿದಿರುತ್ತದೆ. ಆಹಾರ ಬದಲಿಸುವ ದಿನಗಳಲ್ಲಿ ದಿನವೂ ಪರೀಕ್ಷೆ ಬೇಕೇ ಬೇಕು. ಡೋಸ್‌ಗೆ ಮುಂಚಿನ ಅಂಕಿಯೊಂದೇ ಸಾಲದು, ಶುಗರ್ ಎಷ್ಟು ಕೆಳಗಿಳಿಯುತ್ತದೆ ಅನ್ನುವುದು ಮುಖ್ಯ. ಗ್ಲಾರ್ಜಿನ್‌ನಲ್ಲಿ ತೀರಾ ಕೆಳಗಿನ ಅಂಕಿ ಬರುವುದು ಹೆಚ್ಚಾಗಿ ಡೋಸ್ ಕೊಟ್ಟ 4ರಿಂದ 8 ಗಂಟೆಯ ನಡುವೆ, ಆದರೆ ಬೆಕ್ಕಿನಿಂದ ಬೆಕ್ಕಿಗೆ ಬೇರೆ. ಬಿಡುವಿನ ದಿನ 2 ಗಂಟೆಗೊಮ್ಮೆ 12 ಗಂಟೆ ನೋಡಿ ಬರೆದಿಡಿ. ತೀರಾ ಕೆಳಗಿನ ಅಂಕಿ 80ಕ್ಕಿಂತ ಕಡಿಮೆಯಿದ್ದರೆ ಡೋಸ್ ಇಳಿಸಬೇಕು.

ಹಿತ್ತಿಲಬಾಗಿಲು:
ರಕ್ತ ಬರದಿರುವುದಕ್ಕೆ ಹೆಚ್ಚಾಗಿ ಕಾರಣ ತಣ್ಣಗಿರುವ ಕಿವಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ (ಮೊದಲು ನಿಮ್ಮ ಕೈಗೆ ತಾಗಿಸಿ ನೋಡಿ). ಆಮೇಲೆ ಪೂರ್ತಿ ಒರೆಸಿ, ನೀರು ಬೆರೆತರೆ ಅಂಕಿ ತಪ್ಪುತ್ತದೆ. ಕಿವಿಯ ಅಂಚಿನಲ್ಲಿ ಹೋಗುವ ರಕ್ತನಾಳಕ್ಕೂ ತುದಿಗೂ ನಡುವೆ ಚುಚ್ಚಬೇಕು, ನಾಳಕ್ಕೇ ಅಲ್ಲ. ಹಿಂದೆ ಮಡಿಸಿದ ಹತ್ತಿ ಇಟ್ಟುಕೊಂಡರೆ ನಿಮ್ಮ ಬೆರಳು ಉಳಿಯುತ್ತದೆ. ವ್ಯಾಸಲೀನ್ ತೆಳ್ಳಗೆ ಸವರಿದರೆ ರಕ್ತ ಕೂದಲಿಗೆ ಹರಡದೆ ಹನಿಯಾಗಿ ನಿಲ್ಲುತ್ತದೆ.

ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬೆಕ್ಕಿನ ಗ್ಲೂಕೋಸ್ ಕೆಂಪು ರಕ್ತಕಣಗಳಿಗಿಂತ ಪ್ಲಾಸ್ಮಾದಲ್ಲೇ (ರಕ್ತದ ದ್ರವಭಾಗ) ಹೆಚ್ಚು ಇರುವುದು ಇದಕ್ಕೆ ಕಾರಣ. ಹಾಗಂತ ಮನಸ್ಸಿನಲ್ಲೇ ಕೂಡಿಸಿಕೊಂಡು ಡೋಸ್ ನಿರ್ಧರಿಸಬೇಡಿ. ಒಂದೇ ಮೀಟರ್ ಬಳಸಿ, ಏರಿಳಿತ ಗಮನಿಸಿ. ಕ್ಲಿನಿಕ್‌ನಲ್ಲಿ ಹೆದರಿಕೆಯಿಂದಲೇ ಶುಗರ್ ಏರುತ್ತದೆ, ಅದಕ್ಕೇ ಮನೆಯ ಅಂಕಿಗಳಿಗೆ ಬೆಲೆ ಹೆಚ್ಚು.

ಮೂರನೇಮಹಡಿ:
ಸಿರಿಂಜ್ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಮಿಲಿಗೆ 100 ಯೂನಿಟ್ ಸಾಂದ್ರತೆಯ ಗ್ಲಾರ್ಜಿನ್‌ಗೆ ಅದೇ ಅಳತೆಯ ಯು-100 ಸಿರಿಂಜ್ ಬೇಕು. ಮಿಲಿಗೆ 40 ಯೂನಿಟ್ ಅಳತೆಯ ಯು-40ರಲ್ಲಿ 1ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 2.5 ಯೂನಿಟ್!

ನಡೆಯುವಾಗ ತೂರಾಟ, ನಡುಕ, ಮಂಪರು ಕಂಡರೆ, ಅಥವಾ ಶುಗರ್ 60ಕ್ಕಿಂತ ಕೆಳಗಿದ್ದರೆ, ಇನ್ಸುಲಿನ್ ಬೇಡವೇ ಬೇಡ. ತಿನ್ನುವಂತಿದ್ದರೆ ತಕ್ಷಣ ಊಟ, ಇಲ್ಲದಿದ್ದರೆ ಒಸಡಿಗೆ ಜೇನು ಸವರಿ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದಾಗ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಇಂಜೆಕ್ಷನ್ ಸೋರಿ ಕೂದಲು ಒದ್ದೆಯಾದರೂ ಎರಡನೇ ಸಲ ಕೊಡಬಾರದು, ಒಳಗೆ ಎಷ್ಟು ಹೋಗಿದೆ ಅಂತ ತಿಳಿಯಲ್ಲ.

ತುಂಬೆಹೂ:
ಅರ್ಧ ಗಂಟೆಯ ನಂತರ 152. ಡೋಸ್ ಬಿಟ್ಟು ಊಟ ಹಾಕಿದೆವು, ಪೂರ್ತಿ ತಿಂದ. ಸಿರಿಂಜ್ ಯು-100. ಸಂಜೆ ಏನು ಮಾಡಲಿ?

ಕರಿಮೀಸೆ:
ಸಂಜೆಯೂ ಊಟಕ್ಕೆ ಮುಂಚೆ ನೋಡಿ. ಅಷ್ಟರೊಳಗೆ ಎರಡೂ ಅಂಕಿ ವೈದ್ಯರಿಗೆ ತಿಳಿಸಿ, ಅರ್ಧ ಯೂನಿಟ್‌ಗೆ ಇಳಿಸಬೇಕೇ ಎಂದು ಕೇಳಿ. ಇಳಿಸಿದರೆ ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿ ಸಿರಿಂಜ್ ತನ್ನಿ, ಕಣ್ಣಂದಾಜು ಬೇಡ. ಶುಗರ್ ಏರಿದ್ದು ವಾಂತಿಯೂ ಇದ್ದರೆ, ಅಥವಾ ಊಟ ಬಿಟ್ಟರೆ, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ಬರುವ ವಸ್ತು) ಪರೀಕ್ಷಿಸುವ ಪಟ್ಟಿ ಅದ್ದಿ ನೋಡಿ. ಬಣ್ಣ ತಿರುಗಿದರೆ ಬೆಳಗಿನವರೆಗೆ ಕಾಯದೆ ಆಗಲೇ ಕರೆದುಕೊಂಡು ಹೋಗಿ.