ಸಹಾಯ ಬೇಕು: ಚಿಮ್ಮಂಡೆ ಮರಿಗಳು ಒಂದು ವಾರವೂ ಉಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯಾ ಮೂಲದ ಓತಿಕ್ಯಾತಕ್ಕೆ ಆಹಾರವಾಗಲೆಂದು, ರಾತ್ರಿ ಕಿರ್ ಎಂದು ಸದ್ದು ಮಾಡುವ ಚಿಮ್ಮಂಡೆಗಳನ್ನು, ಅಂದರೆ ಕ್ರಿಕೆಟ್ ಹುಳುಗಳನ್ನು, ನಾಲ್ಕು ತಿಂಗಳಿನಿಂದ ನೆಲಮಾಳಿಗೆಯಲ್ಲಿ ಬೆಳೆಸಲು ಪ್ರಯತ್ನಿಸುತ್ತಿದ್ದೇನೆ.

ದೊಡ್ಡ ಹುಳುಗಳು ಚೆನ್ನಾಗಿವೆ. ಹೆಣ್ಣುಗಳು ಒದ್ದೆಯಾದ ತೆಂಗಿನ ನಾರಿನ ಪುಡಿಯೊಳಗೆ ಸೂಜಿಯಂತಹ ಅಂಗವನ್ನು ಚುಚ್ಚಿ ಮೊಟ್ಟೆಯಿಡುತ್ತವೆ. ಆ ಡಬ್ಬವನ್ನು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೆ ಸುಮಾರು 12 ದಿನಗಳಲ್ಲಿ ಅಕ್ಕಿನುಚ್ಚಿನಷ್ಟೂ ಇಲ್ಲದ ನೂರಾರು ಮರಿಗಳು ಹೊರಬರುತ್ತವೆ. ಆದರೆ ಅವುಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಸಾಯುತ್ತಿವೆ. ತಟ್ಟೆಯ ನೀರಿನಲ್ಲಿ ಮುಳುಗಬಾರದೆಂದು ಒದ್ದೆ ಹತ್ತಿಯನ್ನೂ ಕ್ಯಾರೆಟ್ ಚೂರುಗಳನ್ನೂ ಇಡುತ್ತಿದ್ದೇನೆ. ಮುಚ್ಚಳ ಹಾಕಿದರೆ ಒಳಗೆ ನೀರಿನ ಹನಿ ಕಟ್ಟಿ, ನಾರಿನ ಮೇಲೆ ಬೂಷ್ಟು ಹಿಡಿದು, ಅಮೋನಿಯಾದ ಘಾಟು ಬರುತ್ತದೆ; ತೆರೆದಿಟ್ಟರೆ, ಹೀಟರಿನ ಒಣಗಾಳಿಗೆ ಎರಡೇ ದಿನದಲ್ಲಿ ಮರಿಗಳು ಒಣಗಿಹೋಗುತ್ತವೆ.

2010ರ ಸುಮಾರಿಗೆ ಅಮೆರಿಕದ ಅನೇಕ ಸಾಕಣೆ ಕೇಂದ್ರಗಳಲ್ಲಿ ಡೆನ್ಸೋವೈರಸ್ ಸೋಂಕಿನಿಂದ ಅಪಾರ ಸಂಖ್ಯೆಯ ಹುಳುಗಳು ಸತ್ತಿದ್ದವು. ನನ್ನಲ್ಲಿರುವುದೂ ಅದೇ ಜಾತಿಯಾದ್ದರಿಂದ ಆತಂಕವಿದೆ. ಆದರೂ ದೊಡ್ಡವು ಆರೋಗ್ಯವಾಗಿರುವುದನ್ನು ನೋಡಿದರೆ ದೋಷ ತೇವಾಂಶದ್ದೇ ಇರಬೇಕೆಂದು ನನ್ನ ಅಂದಾಜು.

ಸ್ವತಃ ಸಾಕಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಮರಿಗಳ ಡಬ್ಬಕ್ಕೆ ಗಾಳಿಯಾಡಲು ಜಾಲರಿಯನ್ನು ಮುಚ್ಚಳದಲ್ಲಿ ಕೂರಿಸಬೇಕೆ, ಪಕ್ಕದಲ್ಲಿಯೇ? ಮರಿಗಳು ಹೊರಬಂದ ಎಷ್ಟನೆಯ ದಿನಕ್ಕೆ ಅವುಗಳನ್ನು ನಾರಿನಿಂದ ಒಣ ಡಬ್ಬಕ್ಕೆ ಸಾಗಿಸುತ್ತೀರಿ? ನಮ್ಮ ಓತಿಕ್ಯಾತ ಇನ್ನೂ ಬೆಳೆಯುವ ವಯಸ್ಸಿನದು. ಕ್ಯಾಲ್ಸಿಯಂ ಪುಡಿ ಸವರಿದ ಸಣ್ಣ ಹುಳುಗಳು ಅದಕ್ಕೆ ದಿನವೂ ಬೇಕು.